ಯಲ್ಲಪ್ಪಜ್ಜನನ್ನು ಊಟಕ್ಕೆ ಕರೆದದ್ದು

ಮುಂಬಯಿಯಲ್ಲಿ ಸತ್ತವರನ್ನು ಊಟಕ್ಕೆ ಕರೆಯಲಿಕ್ಕೂ ಪಾಸ್ ಬೇಕು. ಹನ್ನೊಂದು ವರ್ಷದಿಂದ ಅಂಧೇರಿಯಲ್ಲಿದ್ದೇನೆ. ಈ ಊರಿನ ಮೇಲೆ ಆ ಪಾಸಿಗಾಗಿ ಅಲೆದಾಗಿನಷ್ಟು ಸಿಟ್ಟು ಎಂದೂ ಬಂದಿರಲಿಲ್ಲ.

ನನ್ನ ಅಜ್ಜನ ಅಣ್ಣ ಯಲ್ಲಪ್ಪ ಬೈಲಹೊಂಗಲದ ಹತ್ತಿರದ ನಮ್ಮ ಹಳ್ಳಿಯಿಂದ ಸೈನ್ಯ ಸೇರಿ, ಇದೇ ಮುಂಬಯಿಯಲ್ಲಿ ಹಡಗು ಹತ್ತಿದವನು. ಎರಡನೆಯ ಮಹಾಯುದ್ಧದಲ್ಲಿ ಇಟಲಿಯಲ್ಲಿ ಸತ್ತ. ಮಹಾಲಯ ಅಮಾವಾಸ್ಯೆಗೆ ನಮ್ಮಲ್ಲಿ ಹಿರಿಯರಿಗೆ ಎಡೆ ಇಟ್ಟು, ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆಯುತ್ತೇವೆ. ಎಲ್ಲರೂ ಬರುತ್ತಾರೆ, ಯಲ್ಲಪ್ಪಜ್ಜನಿಗೆ ಮಾತ್ರ ದಾರಿ ಸಿಗುವುದಿಲ್ಲ ಎಂಬುದು ಅಪ್ಪನ ಕೊರಗು. ಹಡಗು ಹತ್ತಿದ ಊರಿನಿಂದಲೇ ಯಾರಾದರೂ ಕರೆಯಬೇಕಂತೆ.

ಇಟಲಿಯಿಂದ ಬಂದ ಕೆಲವರು ಇಲ್ಲಿಯ ಸ್ನೇಹ ಸಮಿತಿಯೊಂದರ ಜೊತೆ ಸೇರಿ, ಆ ಯುದ್ಧದಲ್ಲಿ ಮಡಿದ ನಮ್ಮ ಸೈನಿಕರಿಗೆ ಇಲ್ಲೇ ಒಂದು ಸಭೆಯಲ್ಲಿ ಗೌರವ ಸಲ್ಲಿಸುತ್ತಾರೆ ಎಂದು ತಿಳಿದಾಗ ಅಪ್ಪನಿಗೆ ಫೋನ್ ಮಾಡಿದೆ.

"ಬ್ಯಾರೆ ಏನೂ ಬ್ಯಾಡವಾ. ನಾ ಇರೂದ್ರಾಗ ಅವನ್ನ ಗಟ್ಟಿಯಾಗಿ ಹೆಸರ ಹಿಡದು ಮನೀಗಿ ಕರದುಬಿಡು," ಎಂದ.

ಆ ಸಭೆಯ ಪಾಸಿಗಾಗಿ ಮೂರು ಸಲ ಲೋಕಲ್ ಹತ್ತಿ ಚರ್ಚ್‌ಗೇಟಿನ ಸಮಿತಿಯ ಕಚೇರಿಗೆ ಅಲೆದೆ. ಊರಿನಲ್ಲಾದರೆ ಯಾರ ಮಗಳು ಎಂದು ಕೇಳಿ, ಹಿಂದಿನ ಮೂರು ತಲೆಮಾರನ್ನು ಅವರೇ ಹೇಳಿ ಮುಗಿಸುತ್ತಾರೆ. ಇಲ್ಲಿ ಜೆರಾಕ್ಸ್ ಕೇಳುತ್ತಾರೆ. ಒಂದು ತಂದರೆ ಇನ್ನೊಂದು ಬೇಕು.

ಸಭೆಯ ದಿನ ಗೇಟಿನಲ್ಲಿ, ಅಜ್ಜನ ಎಡೆಗೆಂದು ಒಯ್ದಿದ್ದ ಹೋಳಿಗೆಯ ಡಬ್ಬಿ ತಡೆದರು. "ಖಾನಾ ಅಂದರ್ ನಹೀ ಜಾಯೇಗಾ." ಸಮಿತಿಯ ಶೆಟ್ಟರು ಓಡಿ ಬಂದರು; ಗ್ರಾಂಟ್ ರೋಡಿನಲ್ಲಿ ಹೋಟೆಲು ಇಟ್ಟವರು.

"ಎಂತ ಮಾಡುದು ಅಕ್ಕ, ರೂಲ್ಸ್ ಉಂಟಲ್ಲ? ಹೂ ಇಡಿ, ಊಟ ಬೇಡ."

"ಹೋಟೆಲ್ ಇಟ್ಟವ್ರು ನೀವು. ಹೂವಿನಿಂದ ಹೊಟ್ಟಿ ತುಂಬತೈತೇನ್ರೀ?"

ಅವರು ನಕ್ಕರು. ನನಗೆ ಅಳು ಬಂದಿತ್ತು.

ಒಳಗೆ ಬರೀ ಭಾಷಣ. ಎರಡು ದೇಶಗಳ ಸ್ನೇಹ, ಮತ್ತೆ ಸ್ನೇಹ. ಸತ್ತವರ ಒಂದು ಹೆಸರನ್ನೂ ಓದಲಿಲ್ಲ. ವೀರಯೋಧರು ಎಂದು ಒಟ್ಟಿಗೇ ಮುಗಿಸಿಬಿಟ್ಟರು. ಆಮೇಲೆ ಎಲ್ಲರೂ ಎದ್ದು ಸುಮ್ಮನೆ ನಿಂತರು. ಮೌನಾಚರಣೆ ನನಗೆ ಗೊತ್ತಿಲ್ಲವೆಂದಲ್ಲ. ಆದರೆ ನಮ್ಮ ಮನೆಯಲ್ಲಿ ಎಲ್ಲರೂ ಮಾತು ನಿಲ್ಲಿಸಿದರೆ ಅದು ಹಿರಿಯರನ್ನು ಕರೆಯುವ ಹೊತ್ತು. ಬಾಯಿ ತಾನಾಗಿ ತೆರೆಯಿತು.

"ಯಲ್ಲಪ್ಪಜ್ಜಾ! ಉಣ್ಣಾಕ ಬಾರೋ ಯಪ್ಪಾ! ಮನೀಗಿ ಬಾ!"

ಎಲ್ಲ ತಲೆಗಳೂ ತಿರುಗಿದವು. ಶೆಟ್ಟರು ಕಣ್ಣು ಮುಚ್ಚಿಕೊಂಡರು. ನಾಚಿಕೆಯಿಂದ ನೆಲ ನೋಡುತ್ತ ನಿಂತೆ.

ಮುಗಿದ ಮೇಲೆ ಇಟಲಿಯ ಮುದುಕರೊಬ್ಬರು ಹುಡುಕಿಕೊಂಡು ಬಂದರು. ಅವರ ಊರಿನಲ್ಲಿ ನಮ್ಮ ಸೈನಿಕರ ಸಮಾಧಿಗಳಿವೆಯಂತೆ. ಚಿಕ್ಕಂದಿನಿಂದ ಹೂ ಇಡುತ್ತಿದ್ದಾರಂತೆ. ನಾನು ಕೂಗಿದ್ದು ಏನು ಎಂದು ಕೇಳಿದರು. ಶೆಟ್ಟರು ಇಂಗ್ಲಿಷಿನಲ್ಲಿ ಹೇಳಿದರು. ಮುದುಕರು ತಲೆ ಆಡಿಸಿ ಮತ್ತೇನೋ ಕೇಳಿದರು.

"ಮನೆ ಎಲ್ಲಿ ಅಂತ ಕೇಳ್ತಾರೆ ಅಕ್ಕ."

ನನ್ನ ಬಾಯಿಗೆ ಬಂದದ್ದು ಹಳ್ಳಿಯ ಹೆಸರಲ್ಲ, ಅಂಧೇರಿಯ ನನ್ನ ಬಿಲ್ಡಿಂಗಿನ ಹೆಸರು.

ಕರೆದೆ ಎಂದಷ್ಟೇ ಅಪ್ಪನಿಗೆ ಹೇಳಿದ್ದೇನೆ, ಯಾವ ಮನೆ ಹೇಳಿದೆ ಎಂದು ಹೇಳಿಲ್ಲ. ಅವನು ಹಳ್ಳಿಯಲ್ಲಿ ಯಲ್ಲಪ್ಪಜ್ಜನ ದಾರಿ ಕಾಯುತ್ತಿದ್ದಾನೆ.