ಪುಟ್ಟಸ್ವಾಮಿಯ ನೊಣಗಳಿಗೆ ಆಯುಧಪೂಜೆ

ಇಲ್ಲ... ನಂಬಲಾಗುತ್ತಿಲ್ಲ.
ಬೆಳಿಗ್ಗೆ ಹುಣಸೂರಿನಿಂದ ಫೋನ್ ಬಂದಾಗ "ಯಾವ ಪುಟ್ಟಸ್ವಾಮಿ?" ಎಂದು ಕೇಳಿದೆ.
ಬೇರೆ ಯಾರೋ ಆಗಿರಲಿ ಅಂತ...
ನಮ್ಮವನೇ. ಹಾರ್ಟ್ ಅಟ್ಯಾಕ್. ನಲವತ್ತೂ ತುಂಬಿರಲಿಲ್ಲ.

ತೊಂಬತ್ತರ ದಶಕದಲ್ಲಿ ಮೈಸೂರಿನಲ್ಲಿ ಎಂಎಸ್ಸಿ ಝುವಾಲಜಿ. ಬಿಳಿಕೆರೆಯ ನಾನು, ಕಂಪಲಾಪುರದ ಅವನು, ರೂಮ್‌ಮೇಟ್ಸ್.
ಜೀವವಿಕಾಸ ನಮ್ಮ ಸ್ಪೆಷಲ್ ಪೇಪರ್. ಅವನ ಬುದ್ಧಿ ವಿಕಾಸವಾಯಿತು... ನನ್ನದು ಹೊಟ್ಟೆ ಮಾತ್ರ.

ಅಂತರಸಂತೆಯ ಕಾಡಂಚಿನಲ್ಲಿ ಕೊಳೆತ ಬಾಳೆಹಣ್ಣಿಟ್ಟು ಹಣ್ಣುನೊಣ ಹಿಡಿದು ತಂದಿದ್ದ. ಬಾಟಲಿಯಲ್ಲಿ ಸಾಕಿ, ತಲೆಮಾರಿನಿಂದ ತಲೆಮಾರಿಗೆ ಏನು ಬದಲಾಗುತ್ತದೆ ಎಂದು ನೋಡುವುದೇ ಪ್ರಾಜೆಕ್ಟ್.
ಆ ವಂಶ ನಿಂತರೆ ಅವನ ಎಂಎಸ್ಸಿಯೂ ನಿಂತ ಹಾಗೆ.
ದಸರಾ ರಜೆಗೆ ಲ್ಯಾಬಿಗೆ ಬೀಗ ಬಿತ್ತು. ಬಾಟಲಿಗಳನ್ನು ತೊಡೆಯ ಮೇಲಿಟ್ಟುಕೊಂಡು ಊರಿನ ಬಸ್ಸು ಹತ್ತಿದ. ಜೊತೆಗೆ ನಾನೂ.
"ಏನ್ಲಾ ಅದು?" ಅಂದ ಕಂಡಕ್ಟರ್.
"ನಮ್ ಮಕ್ಳು ಕಣಣ್ಣ, ಇನ್ನೂ ಆಫ್ ಟಿಕೆಟ್ ವಯಸ್ಸಾಗಿಲ್ಲ."

ಆಯುಧಪೂಜೆ ದಿನ ನಾವು ಹೊಲದಿಂದ ಬರುವಷ್ಟರಲ್ಲಿ ಅವರವ್ವ ನೇಗಿಲು, ಕುಡುಗೋಲಿನ ಸಾಲಿನಲ್ಲಿ ಬಾಟಲಿಗಳನ್ನೂ ಇಟ್ಟು, ಕುಂಕುಮ ಹಚ್ಚಿ, ಕೋಣೆ ತುಂಬಾ ಸಾಂಬ್ರಾಣಿ ಹೊಗೆ ಹಾಕಿದ್ದರು!
"ನಿನ್ ಓದಿನ್ ಸಾಮಾನಲ್ವೇನ್ಲಾ? ಬುಟ್ಟು ಪೂಜೆ ಮಾಡಾಕಾಯ್ತದಾ?"

ಪುಟ್ಟಾ... ನೀನು ಮೊದಲು ನೋಡಿದ್ದು ನೊಣಗಳ ರೆಕ್ಕೆ.
ಅಗಲಿಸಿಕೊಂಡು ಬಿದ್ದಿದ್ದವು. ಲ್ಯಾಬಿನಲ್ಲಿ ಮಂಪರು ಬರಿಸುವ ಈಥರ್ ಹೆಚ್ಚಾಗಿ ಸತ್ತ ನೊಣಗಳ ಹಾಗೆಯೇ.
"ಚೆಂದಾಗ್ ಮಾಡಿದ್ದೀಯ ಕಣವ್ವ" ಅಂದೆ ನೀನು. ಬಾಟಲಿ ಎತ್ತಿಕೊಂಡು ಹಿತ್ತಲಿಗೆ ಹೋದೆ...
ಅಲ್ಲಿ ನೀನು ಅತ್ತುಬಿಟ್ಟೆ.
"ಇನ್ನೊಂದ್ ವರ್ಷ ಓದುದ್ರಾಯ್ತು ಬುಡ್ಲಾ" ಅಂದೆ ನಾನು.
"ನಂಗಾಯ್ತದೆ, ಅವ್ವುಂಗೇನ್ ಏಳ್ಲಿ?" ಅಂದೆ ನೀನು.

ಗಾಜಿನ ಒಳಗೋಡೆಗೆ ಕಂದು ಗೂಡುಗಳು ಅಂಟಿದ್ದವು. ನೊಣವಾಗಲು ಕಾಯುತ್ತಿದ್ದ ಮರಿಗಳು. ಹೊಗೆ ಅವನ್ನು ಮುಟ್ಟಿತೋ ಇಲ್ಲವೋ...
ಮರುದಿನ ಬೆಳಿಗ್ಗೆ ಒಂದು ಗೂಡು ಬಿರಿಯಿತು. ಒದ್ದೆ ರೆಕ್ಕೆಯ, ಬಿಳಿಚಿಕೊಂಡ ಪುಟ್ಟ ನೊಣ.
"ಬಂತು ಕಣ್ಲಾ! ಬಂತು!" ನೀನು ಕುಣಿದೆ.
ಅವ್ವ ಒಳಗಿನಿಂದ, "ಯಾರ್ಲಾ ಬಂದೋರು? ಒಳಿಕ್ ಕರೀರಿ, ಊಟಕ್ಕಾಕ್ತೀನಿ!"

ಅದರ ಹಿಂದೆಯೇ ಇನ್ನಷ್ಟು ಗೂಡುಗಳು ಬಿರಿದವು. ಆ ವಂಶದಿಂದಲೇ ನೀನು ಪಾಸಾದೆ. ಹುಣಸೂರಿನಲ್ಲಿ ಮೇಷ್ಟ್ರಾದೆ.
ನೀನು ಪಾಸಾಗಿದ್ದು ತಾನು ಮಾಡಿದ ಪೂಜೆಯಿಂದ ಎಂದೇ ಅವ್ವ ಇವತ್ತಿಗೂ ಊರಿಗೆಲ್ಲ ಹೇಳುತ್ತಾರೆ. ನೀನು ತಿದ್ದಲೇ ಇಲ್ಲ.

ಈಗ ಕಂಪಲಾಪುರಕ್ಕೆ ಹೊರಟಿದ್ದೇನೆ...
ನಾಳೆ ಮಣ್ಣಿಗೆ ಬರುವ ಗೆಳೆಯರೇ, ಅವ್ವ ಆ ಪೂಜೆಯ ಕತೆ ತೆಗೆದರೆ "ಹೌದವ್ವ" ಅನ್ನಿ, ಸಾಕು.

ಹಗುರಾಗಿ ಹೋಗು ಪುಟ್ಟಾ... ನಿನ್ನ ಜೀವ ತಣ್ಣಗಿರಲಿ.