ಏರಿನಲ್ಲಿ ನಿಂತ ಕಾರು, ಶಂಕರೆಪ್ಪ ಮಿಸ್ತ್ರಿಯ ಕೈ

ಮಾಳಿಂಗಪ್ಪನು ಶಂಕರೆಪ್ಪ ಮಿಸ್ತ್ರಿಯನ್ನು ಮೊದಲ ಸಲ ಕಂಡದ್ದು ಬೈಗುಳದೊಂದಿಗೇ. ತಾಂಬಾದ ಕುರಿ ಸಾಕುವ ಮನೆತನದವನಾದ ಅವನು ಸಿಂದಗಿಯ ಹತ್ತಿ ಸಾಹುಕಾರರೊಬ್ಬರಲ್ಲಿ ಆಗಷ್ಟೇ ಚಾಲಕನಾಗಿ ಸೇರಿದ್ದನು. ಸಾಹುಕಾರರದು ಕಪ್ಪು ಬಣ್ಣದ ಕಾಂಟೆಸಾ ಕಾರು. ಉದ್ದನೆಯ ಮೂತಿ, ಅಗಲವಾದ ಎದೆ. ದೂರದಲ್ಲಿ ಅದರ ದನಿ ಕೇಳಿದರೆ ಸಾಕು, ಚಕ್ಕಡಿಯವರು ತಾವಾಗಿಯೇ ಬದಿಗೆ ಸರಿಯುತ್ತಿದ್ದರು. ಅಂದು ಇಂಡಿಯಿಂದ ಬರುವಾಗ ಎಂಜಿನ್ನಿನ ನೀರು ಕುದಿದು ಬಾನೆಟ್ಟಿನ ಸಂದಿಯಿಂದ ಉಗಿ ಎದ್ದಿತು. ಹೇಗೋ ಮಾಡಿ ಶಂಕರೆಪ್ಪನ ಗ್ಯಾರೇಜಿನವರೆಗೆ ತಂದು ನಿಲ್ಲಿಸಿದನು.

"ಇದನ್ನೇನ ಎಮ್ಮಿ ಅಂತ ತಿಳಿದಿಯೇನಲೇ, ಬಾರಕೋಲಿಲೆ ಬಡದು ಓಡಸಾಕ?" ಎಂದನು ಶಂಕರೆಪ್ಪ.

"ಕಾವಿನ ಮುಳ್ಳು ಕೆಂಪಿಗೆ ಹೋದದ್ದು ನೋಡಲಿಲ್ರಿ ಕಾಕಾ."

"ಮುಳ್ಳಿನ ಮಾತು ಇರಲಿ. ಯಾವ ಊರು, ಯಾರ ಮನಿ?"

"ತಾಂಬಾದಂವ್ರಿ. ಕುರಿ ಕಾಯೋ ಮನಿ."

"ಕುರಿಗೆ ಜ್ವರ ಬಂದ್ರ ಹ್ಯಾಂಗ ನೋಡ್ತೀರಿ?"

"ಮೈಮ್ಯಾಲ ಕೈ ಇಟ್ಟು ನೋಡ್ತೀವ್ರಿ."

"ಮತ್ತ, ಇದಕ್ಕೂ ಇಡು."

ಕಾರು ತಣ್ಣಗಾಗಿ ಮತ್ತೆ ಶುರುವಾದ ಮೇಲೆ ಶಂಕರೆಪ್ಪ ಮಾಳಿಂಗಪ್ಪನ ಅಂಗೈಯನ್ನು ಹಿಡಿದು ಬಾನೆಟ್ಟಿನ ಮೇಲೆ ಇಡಿಸಿದನು. ಒಳಗಿನ ಉಸಿರು ಅಂಗೈಗೆ ತಾಗಿತು. ಆ ದಿನದಿಂದ ಮಾಳಿಂಗಪ್ಪನಿಗೆ ಶಂಕರೆಪ್ಪ ಬರಿಯ ಮಿಸ್ತ್ರಿಯಾಗಿ ಉಳಿಯಲಿಲ್ಲ.

ಶಂಕರೆಪ್ಪ ಮಸೂತಿ ಎಂಬ ಊರಿನವನು. ಸೊಲ್ಲಾಪುರದಲ್ಲಿ ಕೆಲಸ ಕಲಿತು ಬಂದು ಸಿಂದಗಿಯಲ್ಲಿ ನೆಲೆ ನಿಂತವನು. ಎಂಜಿನ್ನು ಬಿಚ್ಚಿದ ದಿನ ಅದು ಮತ್ತೆ ಕೂಗುವವರೆಗೂ ಚಹಾ ಮುಟ್ಟುತ್ತಿರಲಿಲ್ಲ. ಎದುರಿನ ಚಹಾದಂಗಡಿಯ ಕೌಸರ ಇದನ್ನು ಬಲ್ಲವಳಾಗಿದ್ದಳು. ಕಾರಿನ ದನಿ ಕೇಳಿದ ಮೇಲೆಯೇ ಅವನ ಕಪ್ಪನ್ನು ತುಂಬುತ್ತಿದ್ದಳು.

ಕಾಲ ಸರಿಯಿತು. ಸಾಹುಕಾರರು ತೀರಿಕೊಂಡರು. ಕಾಂಟೆಸಾ ಬೇವಿನ ಮರದ ಕೆಳಗೆ ವರ್ಷಗಟ್ಟಲೆ ನಿಂತಿತು. ಹಿಂದಿನ ಸೀಟಿನಲ್ಲಿ ಕೋಳಿಗಳು ಕಾವಿಗೆ ಕುಳಿತವು. ಕೊನೆಗೆ ಸಾಹುಕಾರರ ಮಕ್ಕಳು, "ಅಪ್ಪನ ಕಾರು ನಿನ್ನ ಕೈಯಾಗ ಇದ್ರನ ಚಂದ" ಎಂದು ಮಾಳಿಂಗಪ್ಪನಿಗೇ ಕೊಟ್ಟುಬಿಟ್ಟರು.

ಅಷ್ಟರಲ್ಲಿ ಶಂಕರೆಪ್ಪನ ಬಲಗೈಗೆ ನಡುಕ ಹತ್ತಿತ್ತು. ನರದ ಕಾಯಿಲೆ, ಗುಣವಾಗುವಂಥದಲ್ಲ ಎಂದು ವಿಜಯಪುರದ ವೈದ್ಯರು ಹೇಳಿದ್ದರು. ಗಿರಾಕಿಗಳು ಒಬ್ಬೊಬ್ಬರಾಗಿ ಯಲ್ಲಾಲಿಂಗನ ಹೊಸ ಗ್ಯಾರೇಜಿಗೆ ಹೋಗತೊಡಗಿದ್ದರು. ಅಂಥ ಹೊತ್ತಿನಲ್ಲಿ ಶಂಕರೆಪ್ಪ ಆ ಕಾರಿನ ಕೆಲಸವನ್ನು ಕೈಗೆತ್ತಿಕೊಂಡನು. ಹೆಂಡತಿ ಬಾಳಮ್ಮ ಎರಡೂ ಕೈಯಿಂದ ಬೋಲ್ಟನ್ನು ಅಲುಗದಂತೆ ಹಿಡಿಯುವಳು, ಅವನು ಪಾನಾ ಹಾಕಿ ತಿರುವುವನು. "ಮದವಿಯಾಗ ಇಷ್ಟು ಗಟ್ಟಿ ಕೈ ಹಿಡದಿರಲಿಲ್ಲ ನೀನು" ಎಂದು ಅವನು ಚೇಷ್ಟೆ ಮಾಡಿದರೆ, "ಆಗ ನೀವು ಹಿಂಗ ಅಲಗಾಡ್ತಿರಲಿಲ್ಲ" ಎಂದು ಅವಳು ಮಾತು ಮರಳಿಸುತ್ತಿದ್ದಳು. ಹೀಗೆ ಕಟ್ಟಿದ ಎಂಜಿನ್ನು ಹಳೆಯ ದನಿಯಲ್ಲಿಯೇ ಕೂಗಿದಾಗ ಶಂಕರೆಪ್ಪ ಪಾನಾ ಕೆಳಗಿಟ್ಟನು. "ಇನ್ನ ಕೈ ಹೋದ್ರೂ ಹೋಗಲಿ" ಎಂದಷ್ಟೇ ಹೇಳಿದನು.

ಸುಗ್ಗಿಯವರೆಗೆ ಕಾರು ಚೆನ್ನಾಗಿಯೇ ಓಡಿತು. ರಾಶಿಯ ಕಾಲ ಮುಗಿಯುವ ಹೊತ್ತಿಗೆ ರೋಗ ಕಾಣಿಸಿತು. ಬರಿದಾಗಿದ್ದರೆ ಕುದುರೆಯಂತೆ ಓಡುವುದು. ಮಂದಿ ತುಂಬಿ ಏರು ಹತ್ತಿಸಿದರೆ ಎರಡು ಸಲ ಕೆಮ್ಮಿ ನಿಂತುಬಿಡುವುದು. ಸ್ವಲ್ಪ ಹೊತ್ತು ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಮತ್ತೆ ಶುರುವಾಗುವುದು. ಮುದ್ದೇಬಿಹಾಳದ ಮದುವೆಯೊಂದರಲ್ಲಿ ಬಾಸಿಂಗ ಕಟ್ಟಿಕೊಂಡ ಮದುಮಗನೇ ಇಳಿದು ನೂಕಬೇಕಾಯಿತು.

ಶಂಕರೆಪ್ಪ ಕಾರ್ಬೊರೇಟರ್ ಬಿಚ್ಚಿ ತೊಳೆದನು. ಎಂಜಿನ್ನಿನ ಪೆಟ್ರೋಲ್ ಪಂಪಿನ ಪೊರೆಯನ್ನು ಬದಲಿಸಿದನು. ಕಾದು ಕೈಕೊಡುತ್ತಿರಬಹುದೆಂದು ಕಿಡಿ ಕೊಡುವ ಕಾಯಿಲ್ ಬದಲಿಸಿದನು. ಬಾಟಲಿಯಲ್ಲಿ ಪೆಟ್ರೋಲ್ ತುಂಬಿ ಮೇಲೆ ತೂಗುಹಾಕಿ, ಅಲ್ಲಿಂದ ನೇರ ಕಾರ್ಬೊರೇಟರಿಗೆ ನಳಿಗೆ ಕೊಟ್ಟು ನೋಡಿದನು. ಆಗ ಅಂಗಳದಲ್ಲಿ ಎಂಜಿನ್ನು ಎಷ್ಟು ಒತ್ತಿದರೂ ನಿಲ್ಲಲಿಲ್ಲ.

"ಪೆಟ್ರೋಲ್ ಟಾಕಿ ಕಡೆ ಎಲ್ಲಾ ಸುದ್ದ ಐತೇನೋ?" ಎಂದು ಕೇಳಿದನು.

"ಟಾಕಿ ನಾನ ತೊಳದೇನ್ರಿ ಕಾಕಾ. ಮುಚ್ಚಳಾನೂ ಬಿಗಿ ಮಾಡೇನಿ. ಒಂದು ಕಣ ಧೂಳು ಹೋಗಂಗಿಲ್ಲ" ಎಂದನು ಮಾಳಿಂಗಪ್ಪ. ಶಂಕರೆಪ್ಪ ಆ ಮಾತನ್ನು ನಂಬಿ ಮತ್ತೆ ಎಂಜಿನ್ನಿನ ಕಡೆಗೇ ತಿರುಗಿದನು.

ಚಹಾದಂಗಡಿಯಲ್ಲಿ ಯಲ್ಲಾಲಿಂಗ ಎಲ್ಲರಿಗೂ ಕೇಳಿಸುವಂತೆಯೇ ಅಂದನು: "ನಡಗೋ ಕೈಲೆ ಕಟ್ಟಿದ ಎಂಜಿನ್ನು ಏರಿನ್ಯಾಗ ನಡಗದ ಬಿಟ್ಟೀತೇನ್ರೋ?"

"ಚಹಾ ಕುಡದಿ, ಎದ್ದು ನಡಿ" ಎಂದಳು ಕೌಸರ. ಆದರೆ ಆ ಮಾತು ರಸ್ತೆ ದಾಟಿ ಶಂಕರೆಪ್ಪನ ಕಿವಿಯನ್ನು ಆಗಲೇ ಮುಟ್ಟಿತ್ತು.

ಮರುದಿನ ಅವನು ಮಾಳಿಂಗಪ್ಪನಿಗೆ ಹೇಳಿದನು: "ನಾಳೆ ಕಾರಿನ ತುಂಬ ಜೋಳದ ಚೀಲ ಹೇರು. ನಿಮ್ಮ ಚಿಗವ್ವನ ತವರಮನಿಗೆ, ದೇವಣಗಾಂವಕ್ಕ ಹೋಗೂಣು. ಭೀಮಾ ದಂಡಿ ಏರಿನ್ಯಾಗ ನಿಂತ್ರ, ಪಾನಾದ ಪೆಟಗಿ ಯಲ್ಲಾಲಿಂಗಗ ಕೊಟ್ಟಬಿಡ್ತೇನಿ. ಅಂವ ಅಂದದ್ದು ಖರೇ ಆತು ಅಂತ ತಿಳಕೋ."

ತವರಿಗೆ ಹೊರಟ ಬಾಳಮ್ಮ ಚೀಲಗಳ ನಡುವೆ ಕುಳಿತಳು. ಶಂಕರೆಪ್ಪ ಮುಂದಿನ ಸೀಟಿನಲ್ಲಿ, ತೊಡೆಯ ಮೇಲೆ ಪಾನಾದ ಪೆಟ್ಟಿಗೆ. ಏರು ಬಂತು. ಅರ್ಧ ಹತ್ತುವಷ್ಟರಲ್ಲಿ ಕಾರು ಕೆಮ್ಮಿತು. ಇನ್ನೊಮ್ಮೆ ಕೆಮ್ಮಿ ನಿಂತಿತು.

ಶಂಕರೆಪ್ಪ ಬಾನೆಟ್ಟು ತೆರೆಯಲು ಇಳಿಯಲಿಲ್ಲ. ನಡುಗುವ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು ಮುಂದಿನ ಗಾಜಿನ ಆಚೆ ನೋಡುತ್ತ ಕುಳಿತನು.

ಮಾಳಿಂಗಪ್ಪನಿಗೆ ಆ ಮುಖವನ್ನು ನೋಡಲಾಗಲಿಲ್ಲ. ಪೆಟ್ರೋಲ್ ಎಷ್ಟಿದೆಯೋ ನೋಡುವ ನೆಪದಿಂದ ಕಾರಿನ ಹಿಂದಕ್ಕೆ ಹೋದನು. ಟಾಕಿಯ ಮುಚ್ಚಳ ತಿರುವಿದನು. 'ಸುಸ್' ಎಂದು ಗಾಳಿ ಒಳಕ್ಕೆ ನುಗ್ಗಿತು. ಬಾಯಾರಿದವನು ಉಸಿರೆಳೆದ ಹಾಗೆ. ಅವನು ಮುಚ್ಚಳವನ್ನು ಕೈಯಲ್ಲಿ ಹಿಡಿದೇ ನಿಂತನು.

ನಮ್ಮ ಕಡೆ ರಾಶಿಯ ಕಾಲದಲ್ಲಿ ಎರೆಮಣ್ಣಿನ ಧೂಳು ಹೋಗದಿರಲೆಂದು ಟ್ರ್ಯಾಕ್ಟರಿನ ಟಾಕಿಯ ಬಾಯಿಗೆ ಹಳೆಯ ಅರಿವೆ ಸುತ್ತುತ್ತಾರೆ. ಮಾಳಿಂಗಪ್ಪನಿಗೆ ತನ್ನ ಕಾಂಟೆಸಾಕ್ಕೆ ಹರಕು ಅರಿವೆ ಕಟ್ಟಲು ಮನಸ್ಸು ಬಂದಿರಲಿಲ್ಲ. ಸೈಕಲ್ಲಿನ ಹೊಸ ಟ್ಯೂಬನ್ನು ಕತ್ತರಿಸಿ, ಮುಚ್ಚಳದ ಮೇಲೆ ಬಿಗಿಯಾಗಿ ಎಳೆದು ತೊಡಿಸಿದ್ದನು. ಅರಿವೆಯೊಳಗಿಂದ ಗಾಳಿ ಆಡುತ್ತದೆ, ರಬ್ಬರಿನೊಳಗಿಂದ ಆಡುವುದಿಲ್ಲ. ಮುಚ್ಚಳದಲ್ಲಿ ಗಾಳಿಗೆಂದು ಇದ್ದ ಸಣ್ಣ ರಂಧ್ರ ಮುಚ್ಚಿಹೋಗಿತ್ತು. ಬರಿದಾಗಿ ಓಡುವಾಗ ರಬ್ಬರಿನ ಅಂಚಿನಿಂದ ನುಸುಳಿದಷ್ಟು ಗಾಳಿ ಸಾಲುತ್ತಿತ್ತು. ಭಾರ ಬಿದ್ದು ಎಂಜಿನ್ನು ಹೆಚ್ಚು ಪೆಟ್ರೋಲ್ ಬೇಡಿದಾಗ ಟಾಕಿ ಒಳಗಿಂದೊಳಗೆ ಬಿಗಿದು, ಪೆಟ್ರೋಲ್ ಮುಂದಕ್ಕೆ ಹರಿಯುತ್ತಿರಲಿಲ್ಲ.

ರಬ್ಬರನ್ನು ಕಿತ್ತು ಜೇಬಿಗೆ ಹಾಕಿಕೊಂಡರೆ ಆಯಿತು. ಕಾರು ಏರು ಹತ್ತುತ್ತದೆ, ಕಾಕಾನ ಪೆಟ್ಟಿಗೆ ಉಳಿಯುತ್ತದೆ ಎಂದು ಅವನಿಗೆ ಹೊಳೆಯಿತು. ಆದರೆ ಕಾಕಾನ ಎದೆಯಲ್ಲಿ, ತನ್ನ ನಡುಗುವ ಕೈಯೇ ಇಷ್ಟು ದಿನ ತಪ್ಪಿತ್ತು ಎಂಬ ಮಾತು ಹಾಗೆಯೇ ಉಳಿದುಬಿಡುತ್ತದೆ. ಅವನು ಮುಚ್ಚಳವನ್ನು ರಬ್ಬರಿನ ಸಮೇತ ತಂದು ಶಂಕರೆಪ್ಪನ ತೊಡೆಯ ಮೇಲಿನ ಪೆಟ್ಟಿಗೆಯ ಮೇಲೆ ಇಟ್ಟನು.

"ಕಾಕಾ, ನಿಮ್ಮ ಎಂಜಿನ್ನಿನ್ಯಾಗ ಏನೂ ಇರಲಿಲ್ರಿ. ನಾನ ಇದರ ಉಸಿರು ಕಟ್ಟಿದ್ದೆ."

ಶಂಕರೆಪ್ಪ ರಬ್ಬರನ್ನು ಬೆರಳಿನಿಂದ ಮುಟ್ಟಿ ನೋಡಿದನು. ಅದನ್ನು ಸುಲಿಯಲು ಹೋದನು, ಕೈ ನಿಲ್ಲಲಿಲ್ಲ. ಬಾಳಮ್ಮ ಹಿಂದಿನಿಂದ ಬಾಗಿ ಸುಲಿದು ಕೊಟ್ಟಳು.

"ಎಲಾ ಇವನ! ಕುತ್ತಿಗಿ ನೀ ಹಿಚಕೀದಿ, ಔಷಧ ನನಗ ಕೇಳ್ದಿ" ಎಂದನು. ನಗಲು ಹೋದನು, ಆದರೆ ಕಣ್ಣು ತುಂಬಿ ಬಂದವು. "ಅವತ್ತ ಕೇಳಿದ್ನಲ್ಲೋ, ಟಾಕಿ ಸುದ್ದ ಐತೇನು ಅಂತ. ಶುರು ಮಾಡು."

ಕಾರು ಆ ಏರನ್ನು ಒಂದೇ ಉಸಿರಿಗೆ ಹತ್ತಿತು.

ಸಿಂದಗಿಗೆ ಮರಳಿದ ದಿನ ಮಾಳಿಂಗಪ್ಪ ಆ ರಬ್ಬರಿನ ತುಂಡನ್ನು ಚಹಾದಂಗಡಿಯ ಕಂಬದ ಮೊಳೆಗೆ ತೂಗುಹಾಕಿದನು. ಯಲ್ಲಾಲಿಂಗ ಅದೇನೆಂದು ಕೇಳಿದಾಗ, "ನನ್ನ ಶಾಣ್ಯಾತನ. ನೋಡ್ಕೊಂಡು ಚಹಾ ಕುಡೀರಿ" ಎಂದು ನಡೆದದ್ದನ್ನೆಲ್ಲ ಹೇಳಿದನು. ಯಲ್ಲಾಲಿಂಗ ಕಪ್ಪನ್ನು ಕೆಳಗಿಟ್ಟು ಎದ್ದನು. ರಸ್ತೆ ದಾಟಿ ಹೋಗಿ ಶಂಕರೆಪ್ಪನ ಪಕ್ಕದಲ್ಲಿ ಕುಳಿತನು. ಏನು ಮಾತನಾಡಿದರೋ ಯಾರಿಗೂ ಗೊತ್ತಿಲ್ಲ.

ಈಗ ಶಂಕರೆಪ್ಪನಿಗೆ ಪಾನಾ ಹಿಡಿಯಲಾಗುವುದಿಲ್ಲ. ಊಟವನ್ನೂ ಬಾಳಮ್ಮನೇ ಮಾಡಿಸುತ್ತಾಳೆ. ಪಾನಾದ ಪೆಟ್ಟಿಗೆ ಮಾತ್ರ ಅವನು ಮಲಗುವ ಹೊರಸಿನ ಕೆಳಗೆ ಇದೆ, ಯಾರಿಗೂ ಕೊಟ್ಟಿಲ್ಲ. ಮಾಳಿಂಗಪ್ಪ ದಿನಾಲು ಮುಂಜಾನೆ ಕಾರನ್ನು ಅವನ ಬಾಗಿಲಿಗೆ ತಂದು, ಎಂಜಿನ್ನನ್ನು ನಿಲ್ಲಿಸದೆ ಇಳಿಯುತ್ತಾನೆ. ಶಂಕರೆಪ್ಪ ಗೋಡೆ ಹಿಡಿದು ಬಂದು ಬಲಗೈಯನ್ನು ಬಾನೆಟ್ಟಿನ ಮೇಲೆ ಇಡುತ್ತಾನೆ. ಓಡುವ ಎಂಜಿನ್ನಿನ ಅದುರು ಅವನ ಕೈಯ ನಡುಕದೊಡನೆ ಬೆರೆತುಹೋಗುತ್ತದೆ. ನೋಡುವವರಿಗೆ ಕೈ ನಿಂತಂತೆಯೇ ಕಾಣುತ್ತದೆ. ಕಣ್ಣು ಮುಚ್ಚಿ ಕೇಳಿ, "ಹೂಂ, ಹೋಗು" ಎನ್ನುತ್ತಾನೆ. ಆಮೇಲೆ ಕೌಸರ ಅವನಿಗೆ ಚಹಾ ಕಳಿಸುತ್ತಾಳೆ.