ಓಬಣ್ಣ ಒಪ್ಪಿದ ಕರೆಂಟು ಕಾರು

೨೦೦೪ರಲ್ಲಿ ನಾನು ಹೊಸಪೇಟೆಯ ಒಂದು ಕಾರು ಶೋರೂಮಿನಲ್ಲಿ ಸೇಲ್ಸ್ ಆಫೀಸರ್. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದೂ ಊರುಗಳ ಗಿರಾಕಿಗಳು ನನ್ನ ಪಾಲಿಗೆ ಬಂದಿದ್ದರು. ಅದಿರಿನ ಲಾರಿಗಳು ಪುರುಸೊತ್ತಿಲ್ಲದೆ ಓಡುತ್ತಿದ್ದ ಕಾಲ ಅದು. ನಿನ್ನೆ ಮೊನ್ನೆ ಸೆಕೆಂಡ್ ಹ್ಯಾಂಡ್ ಜೀಪಿಗೆ ಚೌಕಾಸಿ ಮಾಡಿದವರು ಈಗ ಚರ್ಮದ ಸೀಟು ಇದೆಯೇ ಎಂದು ಕೇಳುತ್ತಿದ್ದರು. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಮಾರಿದ ಗಾಡಿಗಳೆಲ್ಲ ಮರೆತುಹೋಗಿವೆ. ಒಂದು ಮಾತ್ರ ಮರೆಯುತ್ತಿಲ್ಲ, ಬೀದಿನಾಯಿಯಂತೆ ಎಷ್ಟು ಒದ್ದರೂ ಹೊಸ್ತಿಲು ಬಿಟ್ಟು ಹೋಗದು.

ನಮ್ಮ ಕಡೆ ಕಾರು ಮಾರುವವನಿಗೆ ಮೊದಲ ಪಾಠವೆಂದರೆ, ಧಣಿಯನ್ನು ಬಿಡು, ಡ್ರೈವರನನ್ನು ಹಿಡಿ. ಧಣಿ ಬಣ್ಣ ನೋಡುತ್ತಾನೆ, ಮನೆಯವರು ಸೀಟು ಒತ್ತಿ ನೋಡುತ್ತಾರೆ, ಕೊನೆಗೆ ಎಲ್ಲರೂ ತಿರುಗಿ ಡ್ರೈವರನ ಮುಖ ನೋಡುತ್ತಾರೆ. ಅವನು "ಗಾಡಿ ಚಲೋ ಐತ್ರಿ" ಅಂದರೆ ವ್ಯಾಪಾರ ಕುದುರಿತು. ಬಾನೆಟ್ ಎತ್ತಿ ಮೂಗು ಮುರಿದನೋ, ದೇವರೇ ಬಂದರೂ ಆ ಗಾಡಿ ಹೋಗುವುದಿಲ್ಲ. ಅದಕ್ಕೇ ಡ್ರೈವರನಿಗೆ ಊಟ ಹಾಕಿಸುವುದು, ಅಂಗಿ ಬಟ್ಟೆ ಕೊಡುವುದು, ಅಣ್ಣಾ ಎನ್ನುತ್ತ ಹೆಗಲ ಮೇಲೆ ಕೈ ಹಾಕುವುದು ನಮ್ಮ ಕೆಲಸದ ಅರ್ಧ ಭಾಗ. ಅದರಲ್ಲಿ ನನ್ನನ್ನು ಮೀರಿಸುವವರು ಇರಲಿಲ್ಲ.

ಕೊಟ್ಟೂರಿನಲ್ಲಿ ಎಣ್ಣೆ ಮಿಲ್ಲಿನ ಸಾವುಕಾರರೊಬ್ಬರಿದ್ದರು. ಲಾರಿಗಳನ್ನೂ ಇಟ್ಟು ಚೆನ್ನಾಗಿ ಗಳಿಸಿದ್ದರು. "ನೋಡ್ರಿ, ಈ ಐದೂ ಊರಾಗ ಯಾರ ಮನಿ ಮುಂದೂ ಇರಬಾರದು, ಅಂಥಾ ಗಾಡಿ ತರ್ರಿ" ಅಂದರು. ಅವರ ತಾಯಿಗೆ ಎಂಬತ್ತು ವರ್ಷ, ಡೀಸೆಲ್ ವಾಸನೆ ಬಡಿದರೆ ವಾಂತಿ. ನಾನು ಎರಡು ಗಾಡಿ ಒಯ್ದೆ. ಒಂದು ಹೊರದೇಶದ ಕಂಪನಿಯ ಪೆಟ್ರೋಲ್ ಸೆಡಾನ್, ಆಟೋಮ್ಯಾಟಿಕ್ ಗೇರು, ಹಾಸಿಗೆಯಂಥ ಸೀಟು. ಇನ್ನೊಂದು ಬೆಂಗಳೂರಿನಿಂದ ಲಾರಿಯಲ್ಲಿ ಹೇರಿಸಿ ತರಿಸಿದ್ದ ಎಲೆಕ್ಟ್ರಿಕ್ ಕಾರು. ಎರಡೇ ಬಾಗಿಲು, ಒಮ್ಮೆ ಚಾರ್ಜ್ ಮಾಡಿದರೆ ಎಂಬತ್ತು ಕಿಲೋಮೀಟರ್ ಎಂದು ಕಂಪನಿಯವರ ಮಾತು. ನಿಜ ಹೇಳಬೇಕೆಂದರೆ ಅದನ್ನು ಮಾರಲು ಒಯ್ದಿರಲಿಲ್ಲ. ಗಿಡ್ಡನ ಪಕ್ಕ ನಿಲ್ಲಿಸಿದರೆ ಉದ್ದನೆಯವನು ಇನ್ನೂ ಉದ್ದ ಕಾಣುತ್ತಾನೆ, ಅಷ್ಟೇ ನನ್ನ ಲೆಕ್ಕಾಚಾರ.

ಆ ಲೆಕ್ಕಾಚಾರ ಕೆಡಿಸಿದವನು ಅವರ ಡ್ರೈವರ್ ಓಬಣ್ಣ. ಕಾನಹೊಸಹಳ್ಳಿ ಕಡೆಯವನು, ವಯಸ್ಸು ಐವತ್ತರ ಆಸುಪಾಸು. ಹತ್ತೊಂಬತ್ತು ವರ್ಷದಿಂದ ಅದೇ ಮನೆಯಲ್ಲಿ ಚಾಕರಿ. ಹಿತ್ತಲಿನ ಖೋಲಿಯಲ್ಲಿ ವಾಸ. ಹೆಂಡತಿ ಪಾಪಮ್ಮ ಅದೇ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಸೆಡಾನಿನ ಕಡೆ ಅವನು ಕಣ್ಣೆತ್ತಿಯೂ ನೋಡಲಿಲ್ಲ.

"ಧಣೇರ, ಈ ಕರೆಂಟು ಕಾರ ತಗೊಳ್ರಿ. ಹೊಗಿ ಇಲ್ಲ, ವಾಸನಿ ಇಲ್ಲ. ಅಮ್ಮಾರು ಆರಾಮ ಕುಂದರ್ತಾರ."

"ಕರೆಂಟ ಹೋದ್ರ ಏನ್ ಮಾಡ್ತೀಯಲೇ?" ಸಾವುಕಾರರು ನಕ್ಕರು.

"ಮಿಲ್ಲಿನಾಗ ಜನರೇಟರ್ ಐತಲ್ರಿ."

ಸಾವುಕಾರರು ನನ್ನ ಕಡೆ ತಿರುಗಿ, "ನಮ್ಮ ಓಬ ಹೇಳಿದ ಮ್ಯಾಲೆ ಆತು ಬಿಡ್ರಿ" ಅಂದರು. ಆ ತಿಂಗಳ ಟಾರ್ಗೆಟ್, ಅಂದರೆ ಮಾರಲೇಬೇಕೆಂದು ಕಂಪನಿ ವಿಧಿಸಿದ ಸಂಖ್ಯೆ, ಆ ಒಂದು ಸೆಡಾನಿಗಾಗಿ ಕಾದು ನಿಂತಿತ್ತು. ನನ್ನ ಬಡ್ತಿಯೂ ಅದರ ಬೆನ್ನಿಗೇ ಇತ್ತು.

ಮರುದಿನ ಓಬಣ್ಣನನ್ನು ಒಲಿಸಿಕೊಳ್ಳಲು ಟ್ರಯಲ್ ನೆಪ ಮಾಡಿ ಕರೆಂಟು ಕಾರಿನಲ್ಲೇ ಕೂಡ್ಲಿಗಿಗೆ ಕರೆದುಕೊಂಡು ಹೋದೆ. ಚಹಾದಂಗಡಿಯ ಮುಂದೆ ಅವನು ಕಪ್ಪು ಹಿಡಿದು ರಸ್ತೆಗೆ ಬೆನ್ನು ಮಾಡಿ ನಿಂತಿದ್ದ. ಒಂದು ಲಾರಿ ಹಿಂದಕ್ಕೆ ಬರತೊಡಗಿತು. ಕ್ಲೀನರ್ ತಗಡು ಬಡಿದು ಗಂಟಲು ಹರಿಯುವಂತೆ ಕೂಗುತ್ತಿದ್ದ. ಓಬಣ್ಣ ಅಲ್ಲಾಡಲಿಲ್ಲ. ನಾನೇ ರಟ್ಟೆ ಹಿಡಿದು ಎಳೆದೆ. ಕಪ್ಪು ಬಿದ್ದು ಒಡೆಯಿತು. ಅವನು ಲಾರಿ ನೋಡಿದ, ಆಮೇಲೆ ನನ್ನ ಮುಖ ನೋಡಿದ. ನನಗೆ ಗೊತ್ತಾಯಿತೆಂದು ಅವನಿಗೂ ಗೊತ್ತಾಯಿತು.

"ಎರಡು ವರ್ಸಾತ್ರಿ ಸಾಹೇಬ್ರ. ಒಂದು ಕಿವಿ ಪೂರ್ತಿ ಹೋಗೈತಿ, ಇನ್ನೊಂದು ಇದ್ದೂ ಇಲ್ಲದಂಗ. ಬಾಯಿ ನೋಡಿ ಮಾತು ಹಿಡೀತೀನಿ. ಹಳೀ ಗಾಡ್ಯಾಗ ಗೇರಿನ ಮ್ಯಾಲೆ ಕೈ ಇಟ್ರ ಎಂಜಿನ್ನಿನ ನಡುಕ ಸಿಗ್ತೈತಿ. ನಿಮ್ಮ ದೊಡ್ಡ ಗಾಡ್ಯಾಗ ಅದು ಚಾಲೂ ಐತೋ ಬಂದ್ ಐತೋ ಒಂದೂ ತಿಳಿಯಂಗಿಲ್ರಿ. ಈ ಕರೆಂಟು ಕಾರಿನಾಗ ದೀಪ ಹತ್ತತೈತಿ, ಕಾಲು ಒತ್ತಿದ್ರ ಹೋಗ್ತೈತಿ. ಇದರಾಗ ಎಲ್ಲಾರೂ ನನ್ನಂಗ ಕಿವುಡ್ರ."

ಅವನು ನನ್ನ ಎರಡೂ ಕೈ ಹಿಡಿದುಕೊಂಡ. "ಧಣೇರಿಗೆ ಹೇಳಬ್ಯಾಡ್ರಿ. ಕೆಲಸ ಹೋದ್ರ ಖೋಲಿ ಹೋತು. ಪಾಪಮ್ಮನ್ನ ಕಟ್ಟಿಕೊಂಡು ಈ ವಯಸ್ಸಿನಾಗ ಎಲ್ಲಿಗೆ ಹೋಗ್ಲಿ?"

"ನನ್ನ ಮಕ್ಕಳಾಣೆ ಹೇಳಂಗಿಲ್ಲ, ಓಬಣ್ಣ" ಅಂದೆ. ಆಣೆ ಇಡುವುದು ನನಗೆ ನೀರು ಕುಡಿದಷ್ಟು ಸಲೀಸು. ದಿನಕ್ಕೆ ನಾಲ್ಕು ಸಲ ಮೈಲೇಜಿನ ಮೇಲೆಯೇ ಆಣೆ ಇಡುತ್ತಿದ್ದೆ.

ಕಿವುಡನ ಕೈಗೆ ಸ್ಟೇರಿಂಗ್ ಕೊಡುವುದು ಅಪಾಯ, ಅದಕ್ಕೇ ಅವನ ಗುಟ್ಟು ಬಯಲು ಮಾಡಬೇಕಾಯಿತು ಎಂದು ಆಮೇಲೆ ಹತ್ತಾರು ಜನರ ಮುಂದೆ ಹೇಳಿಕೊಂಡಿದ್ದೇನೆ. ಸುಳ್ಳು. ಆ ಚಿಂತೆ ನಿಜವಾಗಿ ಇದ್ದಿದ್ದರೆ ಸಾವುಕಾರರ ಬಳಿ ಒಬ್ಬನೇ ಹೋಗಿ ತಗ್ಗಿದ ದನಿಯಲ್ಲಿ ಹೇಳಬಹುದಿತ್ತು. ಮಿಲ್ಲಿನಲ್ಲೇ ಅವನಿಗೊಂದು ಬೇರೆ ಕೆಲಸ ಸಿಗುತ್ತಿತ್ತೇನೋ. ಆದರೆ ಚಾಡಿ ಹೇಳಿದವನೆಂಬ ಹೆಸರು ನನಗೆ ಬೇಡವಾಗಿತ್ತು. ಸೆಡಾನ್ ಬೇಕಾಗಿತ್ತು.

ಎರಡು ದಿನ ಬಿಟ್ಟು ಸೆಡಾನನ್ನು ಮಿಲ್ಲಿನ ಅಂಗಳಕ್ಕೆ ತಂದೆ. ಮಧ್ಯಾಹ್ನದ ಊಟ ಮುಗಿಸಿ ಹಮಾಲರು ನೆರಳಿಗೆ ಕೂತಿದ್ದರು. ಸಾವುಕಾರರೂ ಅವರ ತಾಯಿಯೂ ಪಡಸಾಲೆಯಲ್ಲಿದ್ದರು. ನಾನು ಇಳಿದೆ, ಆದರೆ ಎಂಜಿನ್ ಆರಿಸಲಿಲ್ಲ. ಅದು ಸಣ್ಣಗೆ ಗುಂಯ್‌ಗುಡುತ್ತಿತ್ತು. ಮೈಗೆ ತಾಗುವ ನಡುಕ ಎಳ್ಳಷ್ಟೂ ಇರಲಿಲ್ಲ. ಓಬಣ್ಣನಿಗೆ ಕಾಣುವಂತೆ ಮುಖ ಮಾಡಿ, "ಬಾ ಓಬಣ್ಣ, ಸ್ಟಾರ್ಟ್ ಮಾಡಿ ಒಂದು ರೌಂಡ್ ಹೊಡಿ" ಅಂದೆ. ಅವನು ನನ್ನನ್ನು ನಂಬಿದ್ದ. ಬಂದು ಕೂತ.

ಓಡುತ್ತಿರುವ ಎಂಜಿನ್ನಿಗೆ ಮತ್ತೆ ಚಾವಿ ತಿರುಗಿಸಿದರೆ ಸ್ಟಾರ್ಟರ್ ಮೋಟಾರಿನ ಹಲ್ಲು ತಿರುಗುವ ಚಕ್ರಕ್ಕೆ ಸಿಕ್ಕಿ ಕಿರುಚುತ್ತದೆ. ಕಬ್ಬಿಣವನ್ನು ಗರಗಸಕ್ಕೆ ಕೊಟ್ಟಂಥ ಶಬ್ದ. ಕೇಳಿದವನ ಕೈ ತಾನಾಗಿಯೇ ಹಿಂದೆ ಬರುತ್ತದೆ. ಓಬಣ್ಣನ ಕೈ ಬರಲಿಲ್ಲ. ಇನ್ನಷ್ಟು ತಿರುಗಿಸಿದ. ಬಿಟ್ಟು, ಎರಡನೆಯ ಸಲವೂ ತಿರುಗಿಸಿದ. ಪಡಸಾಲೆಯಲ್ಲಿ ಅಜ್ಜಿ ಕಿವಿ ಮುಚ್ಚಿಕೊಂಡಳು. ಹಮಾಲರು ಹೋ ಎಂದು ನಕ್ಕರು.

ಸಾವುಕಾರರು ನಗಲಿಲ್ಲ. ಕಾರಿನ ಹಿಂದೆ ಹೋಗಿ ನಿಂತು, "ಓಬ" ಎಂದರು. ಮತ್ತೊಮ್ಮೆ ಜೋರಾಗಿ, "ಲೇ ಓಬ!" ಡಿಕ್ಕಿ ಬಡಿದರು. ಆಮೇಲೆ ಅವರಿಗೂ ನಗು ಬಂತು. "ಹತ್ತೊಂಬತ್ತು ವರ್ಸ ಉಂಡ ಮಗ ಕಿವುಡ ಅದಾನಲ್ಲೋ!" ಎಂದು ಹಮಾಲರಿಗೆ ಕೈ ಮಾಡಿ, "ಕರೀರಲೇ, ಯಾರ ಕೂಗು ಕೇಳ್ತೈತಿ ನೋಡೂಣು" ಅಂದರು. ಶುರುವಾಯಿತು ನೋಡಿ. ಒಬ್ಬ ಹಂದಿ ಅಂದ, ಒಬ್ಬ ನಾಯಿಯಂತೆ ಬೊಗಳಿದ, ಒಬ್ಬ "ನಿನ್ನ ಹೇಣ್ತಿ ಓಡಿ ಹೋದಳಂತಲೇ" ಎಂದು ಒದರಿದ. ಗಾಜಿನ ಆಚೆ ಅಷ್ಟು ಜನ ಹಲ್ಲು ಬಿಡುತ್ತಿದ್ದುದು ಓಬಣ್ಣನಿಗೆ ಕಾಣಿಸಿತು. ಚಾವಿ ತಪ್ಪಿದ್ದಕ್ಕೆ ನಗುತ್ತಿದ್ದಾರೆಂದುಕೊಂಡು ಪಾಪ, ಅವನೂ ನಾಚಿ ಅವರ ಜೊತೆ ನಕ್ಕ.

ಅಜ್ಜಿ ಎಲೆ ಅಡಿಕೆ ಜಗಿಯುತ್ತ, "ಅವಗ ಕೇಳಂಗಿಲ್ಲ ಅಂತ ನನಗ ಆವಾಗಿಂದ ಗೊತ್ತೈತಿ. ಅದಕ್ಕ ಗಾಡ್ಯಾಗ ಸೊಸ್ತೇರ ಸುದ್ದಿ ಎಲ್ಲಾ ಬಿಚ್ಚಿ ಆಡ್ತಿದ್ದೆ" ಅಂದಳು. ಅಷ್ಟು ಹೇಳಿ ಒಳಗೆ ಹೋದಳು.

ಸಾವುಕಾರರು ಓಬಣ್ಣನ ಮುಂದೆ ಬಂದು, ಬಾಯಿ ದೊಡ್ಡದು ಮಾಡಿ, ಒಂದೊಂದೇ ಮಾತು ಬಿಡಿಸಿ ಕೇಳಿದರು: "ನಮ್ಮವ್ವನ್ನ ಕುಂದರಿಸಿಕೊಂಡು ಕಿವುಡ ಆಗಿ ಗಾಡಿ ಓಡಿಸಿದ್ಯಾ?"

"ಕನ್ನಡಿ ನೋಡಿ ಓಡಿಸೀನ್ರಿ ಧಣೇರ. ಗಾಡಿಗೆ ಒಂದು ಗೀರು ಬಿದ್ದಿಲ್ರಿ" ಅಂದ ಓಬಣ್ಣ. ಆಮೇಲೆ ನನ್ನನ್ನು ನೋಡಿದ. ನಾನು ಬ್ರೋಷರ್ ತಿರುವುತ್ತಿದ್ದೆ.

ಸೆಡಾನ್ ಮಾರಾಟವಾಯಿತು. ಎಂಟು ದಿನಕ್ಕೆ ಅದೇ ಅಂಗಳದಲ್ಲಿ ಪೂಜೆ. ಹೊಸ ಗಾಡಿಯ ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟು, ಅವುಗಳ ಮೇಲೆ ಹಾಯಿಸಿ ಗಾಡಿ ಹೊರಡಿಸುವುದು ನಮ್ಮಲ್ಲಿ ಪದ್ಧತಿ. ಚಾವಿ ಹರಪನಹಳ್ಳಿಯ ಹೊಸ ಡ್ರೈವರನ ಕೈಯಲ್ಲಿತ್ತು. ನಿಂಬೆಹಣ್ಣು ಇಡುವ ಕೆಲಸವನ್ನು ಸಾವುಕಾರರು ಬೇಕೆಂದೇ ಓಬಣ್ಣನಿಗೆ ಕೊಟ್ಟರು. ಅವನು ಮುಂದಿನ ಗಾಲಿಯ ಬಳಿ ಬಗ್ಗಿದ್ದಾಗ ಹೊಸಬನಿಗೆ ಕಣ್ಣು ಹೊಡೆದು, "ಹಾರನ್ ಹೊಡಿಯೋ" ಅಂದರು. ಅವನು ಹೊಡೆದ. ಓಬಣ್ಣ ಬಗ್ಗಿಯೇ ಇದ್ದ, ಎರಡು ಬೆರಳಿನಿಂದ ಹಣ್ಣನ್ನು ಸರಿಯಾಗಿ ಕೂಡಿಸುತ್ತಿದ್ದ. "ಇನ್ನೊಮ್ಮಿ" ಅಂದರು. ಮತ್ತೊಮ್ಮೆ ಹೊಡೆದ. ನೆರೆದವರೆಲ್ಲ ನಕ್ಕರು, ಬೀಗರೂ ನಕ್ಕರು, ಡೆಲಿವರಿ ಫೋಟೋ ತೆಗೆಯಲು ಕ್ಯಾಮೆರಾ ಹಿಡಿದಿದ್ದ ನಾನೂ ನಕ್ಕೆ. ಮೂರನೆಯ ಹಾರನ್ನಿಗೆ ಪಾಪಮ್ಮ ಹಿತ್ತಲಿನಿಂದ ಹಿಟ್ಟಿನ ಕೈಯಲ್ಲೇ ಓಡಿಬಂದು ಗಂಡನ ಹೆಗಲು ಹಿಡಿದು ಎಳೆದಳು. "ಅವರಿಗೆ ಕೇಳಂಗಿಲ್ರೋ! ಕೇಳಂಗಿಲ್ಲ!" ಎಂದು ಎದೆ ಬಡಿದುಕೊಂಡಳು. ಅವಳು ಎರಡು ವರ್ಷ ಬಚ್ಚಿಟ್ಟಿದ್ದ ಮಾತು ಅದು. ಮರುದಿನ ಖೋಲಿ ಖಾಲಿಯಾಯಿತು.

ನನಗೆ ಬಡ್ತಿ ಸಿಕ್ಕಿತು. ಮುಂದೆ ಎಷ್ಟೋ ಹುಡುಗರಿಗೆ ಸೇಲ್ಸ್ ತರಬೇತಿ ಕೊಟ್ಟೆ. ಡ್ರೈವರನನ್ನು ಹಿಡಿಯುವ ಪಾಠ ಹೇಳಿದೆ, ಅವನನ್ನು ಮುರಿಯುವ ಪಾಠ ಹೇಳಲಿಲ್ಲ. ಟಾರ್ಗೆಟ್ ಮಾಡಿಸಿತು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಟಾರ್ಗೆಟ್ಟಿಗೆ ಕೈಯಿಲ್ಲ. ಎಂಜಿನ್ ಆರಿಸದೆ ಇಳಿದದ್ದು ನಾನು.

ಮೂರು ವರ್ಷದ ಮೇಲೆ ಕಾನಹೊಸಹಳ್ಳಿಯ ಹೆದ್ದಾರಿಯ ಪಕ್ಕ ಓಬಣ್ಣ ಪೈಪು ಹಿಡಿದು ಲಾರಿ ತೊಳೆಯುತ್ತಿದ್ದುದನ್ನು ಕಂಡೆ. ಗಾಡಿ ನಿಲ್ಲಿಸಿ ಅವನ ಎದುರಿಗೆ ಹೋಗಿ ನಿಂತೆ. ಗುರುತು ಸಿಕ್ಕಿತು. ಅಭ್ಯಾಸಬಲದಿಂದ ಅವನ ಕಣ್ಣು ನನ್ನ ತುಟಿಯ ಮೇಲೆ ಬಂತು. "ಓಬಣ್ಣ, ನಂದು ತಪ್ಪಾತು" ಅಂದೆ. ಅವನು ಎರಡೂ ಕಣ್ಣು ಬಿಗಿಯಾಗಿ ಮುಚ್ಚಿಕೊಂಡ. ಪೈಪಿನ ನೀರು ಅವನ ಕಾಲ ಮೇಲೆ ಸುರಿಯುತ್ತಲೇ ಇತ್ತು. ಸೇಲ್ಸಿನವನ ಬಾಯಿ, ನಾನು ಇನ್ನೂ ಸ್ವಲ್ಪ ಹೊತ್ತು ಮಾತಾಡಿದೆ. ಅವನು ಕಣ್ಣು ತೆರೆಯಲಿಲ್ಲ. ಯಾವ ಗಿರಾಕಿಯೂ ಕೊಳ್ಳಲೇಬೇಕೆಂದಿಲ್ಲ ಎಂಬುದನ್ನು ನಾನು ಕಲಿತದ್ದು ಅಲ್ಲಿ.